ಒಂಬತ್ತು ತಿಂಗಳಲ್ಲಿ ಚಾಂಪಿಯನ್: ಬೆಂಗಳೂರು ಎಫ್‌ಸಿ ಕಥೆ ಮತ್ತು ಅದರ ಲೆಕ್ಕಪತ್ರ

ತರೀಕೆರೆಯಿಂದ ಮಾತಾಡ್ತಾ ಇದೀನಿ. ಇವತ್ತು ಫುಟ್‌ಬಾಲ್. ನಮ್ಮ ಕಡೆ ಕ್ರಿಕೆಟ್ ಬಿಟ್ರೆ ಕಬಡ್ಡಿ, ಕಬಡ್ಡಿ ಬಿಟ್ರೆ ವಾಲಿಬಾಲ್, ಫುಟ್‌ಬಾಲ್ ಯಾಕೆ ಅಂತ ಕೇಳಬೇಡಿ. ಒಂದು ಪ್ರಶ್ನೆ ಇಟ್ಕೊಂಡು ಹೊರಟಿದೀನಿ. ಒಂದು ಕ್ಲಬ್ ಯಾರ ದುಡ್ಡಲ್ಲಿ ನಡೆಯುತ್ತೆ? ಆ ದುಡ್ಡು ಕೊಡೋರು ಒಂದು ದಿನ ಕೈ ತೆಗೆದ್ರೆ ಏನಾಗುತ್ತೆ? ಬಿ.ಕಾಂ ಓದಿದೋನ ತಲೆ ಹೀಗೇ ಓಡೋದು, ಸ್ವಲ್ಪ ಸಹಿಸ್ಕೊಳ್ಳಿ.

2013ರ ಜುಲೈ 20. ಬೆಂಗಳೂರು ಫುಟ್‌ಬಾಲ್ ಕ್ಲಬ್ ಅನ್ನೋದು ಅಧಿಕೃತವಾಗಿ ಹುಟ್ಟಿದ ದಿನ. ಅವತ್ತಿಗೆ ಕ್ಲಬ್ ಒಂದೂ ಪಂದ್ಯ ಆಡಿರಲಿಲ್ಲ, ಸ್ವಂತ ಸ್ಟೇಡಿಯಂ ಇರಲಿಲ್ಲ. 2014ರ ಏಪ್ರಿಲ್ 21. ಗೋವಾದ ಮಡಗಾಂವ್, ಫತೋರ್ಡಾ ಸ್ಟೇಡಿಯಂ. ಡೆಂಪೊ ತಂಡವನ್ನ ಅವರದೇ ಊರಲ್ಲಿ 4–2ರಿಂದ ಸೋಲಿಸಿ ಬೆಂಗಳೂರು ಐ-ಲೀಗ್ ಚಾಂಪಿಯನ್ ಆಯ್ತು. ಒಂಬತ್ತು ತಿಂಗಳು, ಒಂದು ದಿನ. ಕೋಲ್ಕತ್ತಾದಲ್ಲಿ ನೂರು ವರ್ಷ ದಾಟಿದ ಕ್ಲಬ್ಬುಗಳಿದ್ವು, ಗೋವಾದಲ್ಲಿ ಸಾಲುಸಾಲು ಕಪ್ ಗೆದ್ದವರಿದ್ರು. ಅವರ ಮಧ್ಯೆ ನಿನ್ನೆ ಮೊನ್ನೆ ಬಂದ ಹುಡುಗ ಮೊದಲ ಪರೀಕ್ಷೆಯಲ್ಲೇ ರ್‍ಯಾಂಕ್ ತಗೊಂಡ ಹಾಗೆ.

ಇದು ಹೇಗಾಯ್ತು ಅನ್ನೋಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗ್ಬೇಕು. ಬೆಂಗಳೂರಿಗೆ ಫುಟ್‌ಬಾಲ್ 2013ರಲ್ಲಿ ಬಂದಿದ್ದಲ್ಲ. ಆ ತಪ್ಪು ಕಲ್ಪನೆ ಬಹಳ ಜನರಿಗಿದೆ.

ಬ್ರಿಟಿಷರ ದಂಡು ಇದ್ದ ಊರು ಅದು. ಸೈನಿಕರು ಆಡ್ತಿದ್ರು, ಸುತ್ತಮುತ್ತಲ ಹುಡುಗರು ನೋಡಿ ಕಲಿತ್ರು. ಆಸ್ಟಿನ್ ಟೌನ್, ಗೌತಮಪುರ ಕಡೆ ಇವತ್ತಿಗೂ ಫುಟ್‌ಬಾಲ್ ಅಂದ್ರೆ ಪ್ರಾಣ. ಗೌತಮಪುರದಲ್ಲಿ ಪೆಲೆಯ ಪ್ರತಿಮೆನೇ ಇದೆ, ಹೋದಾಗ ನೋಡಿ. ಬಾಂಬೆಯಲ್ಲಿ 1891ರಿಂದ ರೋವರ್ಸ್ ಕಪ್ ಅಂತ ಒಂದು ಟೂರ್ನಿ ನಡೀತಿತ್ತು. ವರ್ಷಾನುಗಟ್ಟಲೆ ಅದನ್ನ ಬ್ರಿಟಿಷ್ ಸೇನಾ ತಂಡಗಳೇ ಗೆಲ್ತಿದ್ವು. 1937ರಲ್ಲಿ ಆ ಕಪ್ ಎತ್ತಿದ ಮೊದಲ ಭಾರತೀಯ ತಂಡ ಯಾವುದು ಗೊತ್ತಾ? ಕೋಲ್ಕತ್ತಾದ್ದಲ್ಲ. ಬೆಂಗಳೂರು ಮುಸ್ಲಿಮ್ಸ್. ಮರು ವರ್ಷ 1938ರಲ್ಲೂ ಅವರೇ ಗೆದ್ರು. ಇದು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಆಮೇಲೆ ಮೈಸೂರು ರಾಜ್ಯದ ತಂಡ. ಸಂತೋಷ್ ಟ್ರೋಫಿಯನ್ನ 1946ರಲ್ಲಿ, 1952ರಲ್ಲಿ, ಮತ್ತೆ 1967, 1968ರಲ್ಲಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತಾದ ಈಸ್ಟ್ ಬೆಂಗಾಲ್‌ಗೆ ಹೋಗಿ, ಅಲ್ಲಿನ ಜನ 'ಪಂಚಪಾಂಡವರು' ಅಂತ ಕರೀತಿದ್ದ ಐದು ಜನ ಫಾರ್ವರ್ಡ್‌ಗಳಲ್ಲಿ ಒಬ್ಬರಾದ್ರು.

'ಹೋಗಿ' ಅನ್ನೋ ಆ ಪದ ಗಮನಿಸಿ. ಚೆನ್ನಾಗಿ ಆಡೋರು ಬೆಂಗಳೂರಲ್ಲಿ ನಿಲ್ತಿರಲಿಲ್ಲ. ನಿಂತವರು ನಿಂತಿದ್ದು ಕಾರ್ಖಾನೆ ಕೆಲಸಕ್ಕೆ. ಐಟಿಐ, ಎಚ್‌ಎಎಲ್ ತರದ ಸಾರ್ವಜನಿಕ ವಲಯದ ಕಂಪನಿಗಳು ಆಟಗಾರರಿಗೆ ನೌಕರಿ ಕೊಡ್ತಿದ್ವು. ಬೆಳಿಗ್ಗೆ ಡ್ಯೂಟಿ, ಸಂಜೆ ಪ್ರಾಕ್ಟೀಸ್. ಆಟ ನಿಂತ ಮೇಲೂ ಸಂಬಳ ಬರ್ತಿತ್ತು, ಪಿಂಚಣಿ ಬರ್ತಿತ್ತು. ಮನೆಯವರು ಹುಡುಗನನ್ನ ಮೈದಾನಕ್ಕೆ ಕಳಿಸ್ತಿದ್ದೇ ಆ ಧೈರ್ಯದ ಮೇಲೆ. ಕಂಪನಿಗಳ ಗಂಟು ಕರಗಿದ ಹಾಗೆ ತಂಡಗಳೂ ಕರಗಿದ್ವು. ಎಚ್‌ಎಎಲ್ ತಂಡ 2010ರಲ್ಲಿ ಐ-ಲೀಗ್‌ಗೆ ಏರಿ 2012ರಲ್ಲಿ ಕೆಳಗಿಳೀತು. ಅಲ್ಲಿಗೆ ದೇಶದ ಮೇಲಿನ ಹಂತದ ಲೀಗ್‌ನಲ್ಲಿ ಬೆಂಗಳೂರಿನ ಹೆಸರೇ ಇಲ್ಲದ ಹಾಗಾಯ್ತು.

ನಮ್ಮ ಕಡೆಯವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಭದ್ರಾವತಿ ಇಲ್ಲೇ ಇದೆ. ನಮ್ಮ ಕೆಮ್ಮಣ್ಣುಗುಂಡಿಯ ಅದಿರು ಹೋಗಿದ್ದೇ ಆ ಕಾರ್ಖಾನೆಗೆ. 1923ರಲ್ಲಿ ಶುರುವಾದದ್ದು, ವಿಶ್ವೇಶ್ವರಯ್ಯನವರು ಮುಂದೆ ನಿಂತು ನಡೆಸಿದ್ದು. ಕಾರ್ಖಾನೆ ಜೋರಾಗಿದ್ದಾಗ ಕ್ವಾರ್ಟರ್ಸ್, ಆಸ್ಪತ್ರೆ, ಶಾಲೆ, ಆಟ, ನಾಟಕ ಎಲ್ಲ ಅದರ ಬೆನ್ನಿಗೇ ಇದ್ವು. 2023ರ ಜನವರಿಯಲ್ಲಿ ಮುಚ್ತೀವಿ ಅಂತ ಸುದ್ದಿ ಬಂದಾಗ ಬೀದಿಗಿಳಿದವರು ಬರೀ ಕಾರ್ಮಿಕರಲ್ಲ, ಇಡೀ ಊರು. ಒಂದು ಕಂಪನಿಯ ಮೇಲೆ ಊರು ನಿಂತಿದ್ರೆ ಕಂಪನಿಯ ಬ್ಯಾಲೆನ್ಸ್ ಶೀಟೇ ಊರಿನ ಜಾತಕ. ಇದನ್ನ ತಲೇಲಿ ಇಟ್ಕೊಳ್ಳಿ, ಕೊನೇಲಿ ಬೇಕಾಗುತ್ತೆ.

ಈಗ 2013ಕ್ಕೆ ಬರೋಣ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ ಒಂದು ಬಾಗಿಲು ತೆಗೀತು. ದೊಡ್ಡ ಕಂಪನಿಗಳು ಬಿಡ್ ಹಾಕಿ ನೇರವಾಗಿ ಐ-ಲೀಗ್‌ಗೆ ತಂಡ ತರಬಹುದು, ಕೆಳಗಿನ ಡಿವಿಷನ್‌ನಿಂದ ಆಡ್ಕೊಂಡು ಬರಬೇಕಿಲ್ಲ. ಬಂದದ್ದು ಜೆಎಸ್‌ಡಬ್ಲ್ಯೂ. ಬಳ್ಳಾರಿ ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಇದೆಯಲ್ಲ, ಅದೇ ಗ್ರೂಪ್. ಅಂದ್ರೆ ಮತ್ತೆ ಕಬ್ಬಿಣ, ಮತ್ತೆ ಕಾರ್ಖಾನೆ. ಆದ್ರೆ ಮಾದರಿ ಬೇರೆ. ಇಲ್ಲಿ ಆಟಗಾರ ಕಾರ್ಖಾನೆಯ ನೌಕರ ಅಲ್ಲ, ಕ್ಲಬ್ಬಿನ ಕಾಂಟ್ರ್ಯಾಕ್ಟ್ ಮೇಲಿರೋ ವೃತ್ತಿಪರ. ಸಂಬಳ ದೊಡ್ಡದು, ಅವಧಿ ಚಿಕ್ಕದು. ಪಿಂಚಣಿ ಮರೆತುಬಿಡಿ.

ಕೋಚ್ ಆಗಿ ಬಂದವರು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಹುಡುಗನಾಗಿದ್ದಾಗ ಕಲಿತವರು, ಬ್ಲ್ಯಾಕ್‌ಬರ್ನ್ ರೋವರ್ಸ್‌ನ ಕೋಚಿಂಗ್ ಸಿಬ್ಬಂದಿಯಲ್ಲಿದ್ದವರು. ನಾಯಕ ಸುನಿಲ್ ಛೆಟ್ರಿ. ಅವರ ಬಗ್ಗೆ ನಾನೇನು ಹೇಳಲಿ, ನಿಮ್ಮ ರೀಲ್ಸ್ ತುಂಬ ಅವರೇ ಇದಾರೆ. ವಿದೇಶಿಯರಲ್ಲಿ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ, ಆಸ್ಟ್ರೇಲಿಯಾದ ಶಾನ್ ರೂನಿ, ಪಶ್ಚಿಮ ಆಫ್ರಿಕಾದ ಲೈಬೀರಿಯಾದಿಂದ ಜಾನಿ ಮೆನ್ಯಾಂಗರ್. ಊರಿನ ಹುಡುಗರೂ ಇದ್ರು, ಶಂಕರ್ ಸಂಪಂಗಿರಾಜ್, ಎನ್.ಎಸ್. ಮಂಜು. ಮೊದಲ ಪಂದ್ಯ 2013ರ ಸೆಪ್ಟೆಂಬರ್ 22ಕ್ಕೆ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಮೋಹನ್ ಬಾಗಾನ್ ವಿರುದ್ಧ. 1–1. ಕ್ಲಬ್ಬಿನ ಮೊದಲ ಗೋಲು ರೂನಿದು.

ಆ ಸೀಸನ್ನಿನ ಗುಟ್ಟೇನು? ಬಹಳ ಜನ 'ದುಡ್ಡು' ಅಂತಾರೆ. ಅರ್ಧ ನಿಜ. ಆಗ ದುಡ್ಡಿದ್ದ ಕ್ಲಬ್ಬುಗಳು ಇನ್ನೂ ಇದ್ವು. ನನ್ನ ಪ್ರಕಾರ ಬೇರೆ ಕಡೆ ಇಲ್ಲದ್ದು ಶಿಸ್ತು. ಸಂಬಳ ಹೊತ್ತಿಗೆ ಸರಿಯಾಗಿ, ಊಟ ಲೆಕ್ಕ ಹಾಕಿ, ಫಿಟ್‌ನೆಸ್ ಅಳತೆ ಮಾಡಿ, ಎದುರಾಳಿ ತಂಡದ ವಿಡಿಯೊ ಕೂತು ನೋಡಿ. ಆಗಿನ ಭಾರತದ ಎಷ್ಟೋ ಕ್ಲಬ್ಬುಗಳಲ್ಲಿ ಸಂಬಳ ಬಾಕಿ ಅನ್ನೋದು ಮಾಮೂಲಿ ಮಾತು. ಆಟಗಾರನ ತಲೆಯಿಂದ ಮನೆ ಬಾಡಿಗೆ ಚಿಂತೆ ಇಳಿಸಿದ್ರೆ ಕಾಲು ತಾನೇ ಓಡುತ್ತೆ. ಛೆಟ್ರಿ ಆ ವರ್ಷ ಲೀಗ್‌ನಲ್ಲಿ 14 ಗೋಲು ಹೊಡೆದ್ರು.

ಇನ್ನೊಂದು, ಜನ. ಆ ಸ್ಟೇಡಿಯಂನ ಪಶ್ಚಿಮ ಬ್ಲಾಕಲ್ಲಿ ಒಂದಷ್ಟು ಹುಡುಗ ಹುಡುಗೀರು ನಿಂತು ತೊಂಬತ್ತು ನಿಮಿಷವೂ ಹಾಡ್ತಿದ್ರು. ಅವರೇ ಮುಂದೆ 'ವೆಸ್ಟ್ ಬ್ಲಾಕ್ ಬ್ಲೂಸ್' ಆದ್ರು. ಅವರಲ್ಲಿ ಯಾರ ಅಜ್ಜನೂ ಈ ಕ್ಲಬ್ಬಿನ ಅಭಿಮಾನಿಯಾಗಿರೋಕೆ ಸಾಧ್ಯವೇ ಇಲ್ಲ ಅಲ್ವಾ, ಕ್ಲಬ್ಬಿಗೇ ಆಗ ಒಂದು ವರ್ಷ ತುಂಬಿರಲಿಲ್ಲ. ಕೋಲ್ಕತ್ತಾದಲ್ಲಿ ಬಾಗಾನ್, ಈಸ್ಟ್ ಬೆಂಗಾಲ್ ಅನ್ನೋದು ಮನೆತನದಿಂದ ಬರುತ್ತೆ, ಅಡುಗೆಮನೆಯ ಮೀನಿನ ತನಕ. ಇಲ್ಲಿ ಬಂದದ್ದು ಟಿಕೆಟ್ ತಗೊಂಡು.

ಎರಡನೇ ಸೀಸನ್‌ನಿಂದ ಕಂಠೀರವ ಸ್ಟೇಡಿಯಂ ಮನೆಯಾಯ್ತು. 2015ರ ಜನವರಿಯಲ್ಲಿ ಫೆಡರೇಶನ್ ಕಪ್, ಮತ್ತೆ ಪಾಪ ಡೆಂಪೊ ಮೇಲೇ. ಆಮೇಲೆ ಬಂತು 2015ರ ಮೇ 31. ಲೀಗ್‌ನ ಕೊನೇ ದಿನ, ಕಂಠೀರವ, ಎದುರಿಗೆ ಮೋಹನ್ ಬಾಗಾನ್. ಬೆಂಗಳೂರು ಗೆದ್ರೆ ಬೆಂಗಳೂರಿಗೆ ಕಪ್, ಡ್ರಾ ಆದ್ರೆ ಬಾಗಾನ್‌ಗೆ. ಮೊದಲಾರ್ಧದಲ್ಲೇ ಜಾನ್ಸನ್ ಗೋಲು. ಕಾಯ್ತಾ ಕಾಯ್ತಾ 87ನೇ ನಿಮಿಷದವರೆಗೂ ಬಂದ್ರು. ಕಾರ್ನರ್ ಕಿಕ್. ನೈಜೀರಿಯಾದ ಡಿಫೆಂಡರ್ ಬೆಲ್ಲೊ ರಜಾಕ್ ತಲೆ ಕೊಟ್ರು, ಚೆಂಡು ಒಳಗೆ. 1–1. ಬಾಗಾನ್ 13 ವರ್ಷಗಳ ನಂತರ ಲೀಗ್ ಗೆದ್ದು ನಮ್ಮ ಮೈದಾನದಲ್ಲೇ ಕುಣೀತು. ಮರು ವರ್ಷ, 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಪ್ಪನ್ನ ವಾಪಸ್ ತಂತು. ಆದ್ರೆ ಹಳೇ ಅಭಿಮಾನಿಗಳನ್ನ ಮಾತಾಡ್ಸಿ, ಆ 87ನೇ ನಿಮಿಷವನ್ನೇ ಮೊದಲು ಹೇಳ್ತಾರೆ.

ಈಗ ನನ್ನ ಪ್ರಕಾರ ಈ ಕ್ಲಬ್ಬಿನ ದೊಡ್ಡ ಸಾಧನೆಗೆ ಬರ್ತೀನಿ. ವಿಚಿತ್ರ ಏನಂದ್ರೆ, ಅದು ಸೋತ ಪಂದ್ಯ.

2016ರ ಎಎಫ್‌ಸಿ ಕಪ್. ಏಷ್ಯಾದ ಕ್ಲಬ್ಬುಗಳ ಎರಡನೇ ಹಂತದ ಟೂರ್ನಿ. ವೆಸ್ಟ್‌ವುಡ್ ಅಷ್ಟೊತ್ತಿಗೆ ಬಿಟ್ಟು ಹೋಗಿದ್ರು, ಸ್ಪೇನ್‌ನ ಆಲ್ಬರ್ಟ್ ರೋಕಾ ಬಂದಿದ್ರು. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಜೊತೆ ಕೆಲಸ ಮಾಡಿದವರು. ಕ್ವಾರ್ಟರ್ ಫೈನಲ್‌ನಲ್ಲಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್‌ನ ದಾಟಿದ್ರು. ಸೆಮಿಫೈನಲ್‌ನಲ್ಲಿ ಎದುರಾಗಿದ್ದು ಮಲೇಷ್ಯಾದ ಜೊಹೊರ್ ದಾರುಲ್ ತಝೀಮ್, ಹಿಂದಿನ ವರ್ಷದ ಚಾಂಪಿಯನ್. ಅಲ್ಲಿ 1–1. ಅಕ್ಟೋಬರ್ 19ಕ್ಕೆ ಕಂಠೀರವದಲ್ಲಿ ಎರಡನೇ ಪಂದ್ಯ. ಮೊದಲ ಗೋಲು ಹೊಡೆದದ್ದು ಜೊಹೊರ್. ಆಮೇಲೆ ಛೆಟ್ರಿ ಎರಡು, ಹುವಾನನ್ ಒಂದು. 3–1. ಭಾರತದ ಒಂದು ಕ್ಲಬ್ ಏಷ್ಯಾ ಮಟ್ಟದ ಈ ಟೂರ್ನಿಯ ಫೈನಲ್ ಮುಟ್ಟಿದ್ದು ಅದೇ ಮೊದಲು. ಆ ಎರಡು ಗೋಲು ನೋಡಿಲ್ಲ ಅಂದ್ರೆ ಈ ಎಪಿಸೋಡ್ ನಿಲ್ಲಿಸಿ ಹೋಗಿ ನೋಡ್ಕೊಂಡು ಬನ್ನಿ, ನಾನು ಕಾಯ್ತೀನಿ.

ಫೈನಲ್ ನವೆಂಬರ್ 5ಕ್ಕೆ ದೋಹಾದಲ್ಲಿ, ಇರಾಕ್‌ನ ವಾಯುಪಡೆಯ ಕ್ಲಬ್ ಅಲ್ ಖುವಾ ಅಲ್ ಜವಿಯಾ ವಿರುದ್ಧ. ಮೊದಲ ಆಯ್ಕೆಯ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಅಮಾನತಾಗಿದ್ದರಿಂದ ಲಾಲ್‌ತುವಮ್ಮಾವಿಯ ರಾಲ್ಟೆ ಆಡಬೇಕಾಯ್ತು. 71ನೇ ನಿಮಿಷದಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದು ಗೋಲು. 0–1. ಮುಗೀತು. ಹುಟ್ಟಿ ಮೂರು ವರ್ಷ ಮೂರು ತಿಂಗಳಾದ ಕ್ಲಬ್.

ಇಲ್ಲಿ ಸ್ವಲ್ಪ ಆಫ್ರಿಕಾಕ್ಕೆ ಹೋಗಿ ಬರೋಣ. ಸುಮ್ನೆ ಅಲ್ಲ, ದುಡ್ಡಿನ ಪ್ರಶ್ನೆಗೆ ಅಲ್ಲಿ ಒಳ್ಳೇ ಉತ್ತರಗಳಿವೆ. ಘಾನಾದ ಕುಮಾಸಿ ಊರಲ್ಲಿ ಅಸಾಂಟೆ ಕೊಟೊಕೊ ಅಂತ ಕ್ಲಬ್ ಇದೆ. 1935ರಲ್ಲಿ ಹುಟ್ಟಿದ್ದು. ಆ ಜನಾಂಗದ ರಾಜ, ಅಸಾಂಟೆಹೆನೆ, ಅದರ ಪೋಷಕ. 1970ರಲ್ಲಿ ಒಮ್ಮೆ, 1983ರಲ್ಲಿ ಒಮ್ಮೆ ಇಡೀ ಆಫ್ರಿಕಾದ ಚಾಂಪಿಯನ್ ಆಗಿದೆ. ಅಲ್ಲಿ ಕ್ಲಬ್ ಅಂದ್ರೆ ರಾಜಮನೆತನದ ಮರ್ಯಾದೆ, ಜನಾಂಗದ ಗುರುತು. ಸ್ವಲ್ಪ ಆಚೆ ನೈಜೀರಿಯಾ. ಅಬಾ ಅನ್ನೋದು ಒಂದು ವ್ಯಾಪಾರದ ಊರು, ಅಲ್ಲಿನ ಎನ್ಯಿಂಬಾ ಕ್ಲಬ್ 1976ರದ್ದು. ಎನ್ಯಿಂಬಾ ಅಂದ್ರೆ ಜನರ ಆನೆ. ಅದನ್ನ ನಡೆಸಿದ್ದು ಅಬಿಯಾ ರಾಜ್ಯ ಸರ್ಕಾರ. ಸರ್ಕಾರ ಮನಸ್ಸು ಮಾಡಿ ದುಡ್ಡು ಸುರಿದ ಕಾಲದಲ್ಲಿ, 2003ರಲ್ಲಿ ಆಫ್ರಿಕಾ ಚಾಂಪಿಯನ್ಸ್ ಲೀಗ್ ಗೆದ್ದ ಮೊದಲ ನೈಜೀರಿಯನ್ ಕ್ಲಬ್ ಆಯ್ತು, 2004ರಲ್ಲಿ ಅದನ್ನೇ ಉಳಿಸ್ಕೊಳ್ತು.

ನೋಡಿ, ರಾಜ, ಸರ್ಕಾರ, ಕಂಪನಿ. ಮೂರು ಜೇಬು. ರಾಜನ ಜೇಬು ಸಣ್ಣದಾಗಬಹುದು, ಆದ್ರೆ ಕ್ಲಬ್ ಅವನ ಮನೆ ಬಿಟ್ಟು ಹೋಗಲ್ಲ. ಸರ್ಕಾರದ ಜೇಬು ಚುನಾವಣೆಯ ಜೊತೆ ತೆರೆದು ಮುಚ್ಚುತ್ತೆ. ಕಂಪನಿಯ ಜೇಬಿಗೆ ಒಂದು ಪ್ರಶ್ನೆ ಇರುತ್ತೆ, ಇದರಿಂದ ನನಗೇನು? ಜೆಎಸ್‌ಡಬ್ಲ್ಯೂಗೆ ಹೆಸರು ಸಿಕ್ತು, ಖಂಡಿತ. ಆದ್ರೆ ಫುಟ್‌ಬಾಲ್‌ನ ಆದಾಯದ ಮುಖ್ಯ ಬಾಬ್ತು ಟಿವಿ ಹಕ್ಕು, ಜಾಹೀರಾತು, ಟಿಕೆಟ್. ನಮ್ಮಲ್ಲಿ ಮೂರೂ ಖರ್ಚಿನ ಹತ್ತಿರಕ್ಕೂ ಬರಲ್ಲ. ಸ್ಟೇಡಿಯಂ ಕೂಡ ಸ್ವಂತದ್ದಲ್ಲ, ಕಂಠೀರವ ರಾಜ್ಯ ಸರ್ಕಾರದ್ದು. ಅದು ಅಥ್ಲೆಟಿಕ್ಸ್ ಟ್ರ್ಯಾಕ್ ಇರೋ ಸ್ಟೇಡಿಯಂ, ಓಡೋ ನಮಗೆ ಜಾಗ ಸಿಗ್ತಿಲ್ಲ ಅಂತ ಅಥ್ಲೀಟ್‌ಗಳ ಕಡೆಯವರು ತಕರಾರು ತೆಗೆದು ವಿಷಯ ಹೈಕೋರ್ಟ್ ತನಕ ಹೋಯ್ತು. ನನಗೆ ಆ ತಕರಾರು ನ್ಯಾಯ ಅಂತಲೇ ಅನ್ಸುತ್ತೆ. ಬೇರೆ ಮೈದಾನ ಕಟ್ಟದೇ ಇರೋದು ಓಟಗಾರರ ತಪ್ಪಲ್ಲ.

2017ರಲ್ಲಿ ಬೆಂಗಳೂರು ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗ್‌ಗೆ ಸೇರ್ತು. ಅದೇ ವರ್ಷ ಸೇರಿದ ಇನ್ನೊಂದು ತಂಡ ಟಾಟಾದ ಜಮ್ಶೆಡ್‌ಪುರ. ಒಟ್ಟಿಗೆ ಇಬ್ಬರು ಉಕ್ಕಿನವರು! ಹೋಗೋ ಮೊದಲು ಮೇ ತಿಂಗಳಲ್ಲಿ ಕಟಕ್‌ನಲ್ಲಿ ಮೋಹನ್ ಬಾಗಾನ್‌ನ ಸೋಲಿಸಿ ಫೆಡರೇಶನ್ ಕಪ್ ತಗೊಂಡೇ ಹೋದ್ರು, ಹೆಚ್ಚುವರಿ ಸಮಯದಲ್ಲಿ ಸಿ.ಕೆ. ವಿನೀತ್ ಎರಡು ಗೋಲು. ಐಎಸ್‌ಎಲ್‌ನ ಮೊದಲ ವರ್ಷವೇ ಫೈನಲ್, ಕಂಠೀರವದಲ್ಲೇ, ಚೆನ್ನೈಯಿನ್ ವಿರುದ್ಧ 2–3 ಸೋಲು. ಕೆಲವೇ ವಾರದಲ್ಲಿ ಭುವನೇಶ್ವರದಲ್ಲಿ ಈಸ್ಟ್ ಬೆಂಗಾಲ್ ಮೇಲೆ 4–1, ಸೂಪರ್ ಕಪ್. 2019ರ ಮಾರ್ಚ್ 17ಕ್ಕೆ ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಫೈನಲ್, 117ನೇ ನಿಮಿಷಕ್ಕೆ ರಾಹುಲ್ ಭೇಕೆ ತಲೆಯಿಂದ ಗೋಲು, ಐಎಸ್‌ಎಲ್ ಕಿರೀಟ. 2022ರಲ್ಲಿ ಡ್ಯುರಾಂಡ್ ಕಪ್. ಅಲ್ಲಿಂದ ಈಚೆಗೆ ಫೈನಲ್ ಮುಟ್ಟೋದು, ಕಪ್ ಮಿಸ್ ಆಗೋದು. 2023ರಲ್ಲಿ ಪೆನಾಲ್ಟಿಯಲ್ಲಿ ಸೋತ್ರು, 2025ರ ಏಪ್ರಿಲ್ 12ಕ್ಕೆ ಕೋಲ್ಕತ್ತಾದಲ್ಲಿ ಹೆಚ್ಚುವರಿ ಸಮಯದಲ್ಲಿ 1–2. ಎರಡೂ ಸಲ ಎದುರಾಳಿ, ಹೌದು, ಮೋಹನ್ ಬಾಗಾನ್.

ಮಧ್ಯದಲ್ಲಿ 2023ರ ಮಾರ್ಚ್ 3ರ ಆ ರಾತ್ರಿ ಬಿಡೋಕಾಗಲ್ಲ. ಕೇರಳ ಬ್ಲಾಸ್ಟರ್ಸ್ ವಿರುದ್ಧ ನಾಕೌಟ್. 90 ನಿಮಿಷ 0–0. ಹೆಚ್ಚುವರಿ ಸಮಯದಲ್ಲಿ ಫ್ರೀ ಕಿಕ್, ಕೇರಳದವರು ಇನ್ನೂ ಗೋಡೆ ಕಟ್ತಾ ಇದ್ರು, ಛೆಟ್ರಿ ಹೊಡೆದೇಬಿಟ್ರು. ರೆಫರಿ ಗೋಲ್ ಅಂದ್ರು. ಕೇರಳದ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನೇ ಕರ್ಕೊಂಡು ಮೈದಾನ ಬಿಟ್ಟು ನಡೆದ್ರು! ಫೆಡರೇಶನ್ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕ್ತು. ಮಲಯಾಳಿ ಗೆಳೆಯರಿದ್ರೆ ಊಟದ ಹೊತ್ತಲ್ಲಿ ಈ ವಿಷಯ ಎತ್ತಬೇಡಿ. ಮರುದಿನವೇ, ಮಾರ್ಚ್ 4ಕ್ಕೆ, ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನ 3–2ರಿಂದ ಸೋಲಿಸಿ 54 ವರ್ಷದ ನಂತರ ಸಂತೋಷ್ ಟ್ರೋಫಿ ತಂತು. ಸದ್ದು ಮಾಡಿದ್ದು ಛೆಟ್ರಿಯ ಫ್ರೀ ಕಿಕ್. ರಾಜ್ಯದ ಹುಡುಗರ ಕಪ್ಪು ಆ ಗಲಾಟೆಯಲ್ಲಿ ಮುಳುಗಿಹೋಯ್ತು, ಅದು ನನಗೆ ಇವತ್ತಿಗೂ ಬೇಜಾರು.

ಯಾಕಂದ್ರೆ ಬೆಂಗಳೂರು ಎಫ್‌ಸಿ ಮೇಲೆ ನನಗಿರೋ ಒಂದು ದೂರು ಅದೇ. ಹೆಸರು ಬೆಂಗಳೂರು, ಆಡೋರಲ್ಲಿ ಕರ್ನಾಟಕದವರು ಬೆರಳೆಣಿಕೆ. ಮಣಿಪುರ, ಮಿಜೋರಾಂ, ತಮಿಳುನಾಡಿನ ಹುಡುಗರು ಬರಲಿ, ಚೆನ್ನಾಗಿ ಆಡ್ತಾರೆ, ಬರಬೇಕು. ಆದ್ರೆ 2024ರ ಸೆಪ್ಟೆಂಬರ್‌ನಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಬೆಂಗಳೂರಿನ ಹುಡುಗ ವಿನಿತ್ ವೆಂಕಟೇಶ್ ಗೋಲು ಹೊಡೆದು ಪಂದ್ಯ ಗೆಲ್ಲಿಸಿದಾಗ ಕಂಠೀರವದ ಸದ್ದೇ ಬೇರೆ ಇತ್ತು. ಅಂಥವರು ಇನ್ನೂ ಐದಾರು ಜನ ಯಾಕಿಲ್ಲ? ಕಡೂರು, ಅಜ್ಜಂಪುರದ ಒಬ್ಬ ಹುಡುಗನ ಕಾಲಲ್ಲಿ ಆಟ ಇದೆ ಅಂತ ಬೆಂಗಳೂರಿಗೆ ಗೊತ್ತಾಗೋ ದಾರಿ ಯಾವುದು? ಇವತ್ತಿಗೆ ಅಪ್ಪ ಅಮ್ಮನ ಬಸ್ ಚಾರ್ಜ್ ಬಿಟ್ರೆ ಬೇರೆ ದಾರಿ ನನಗೆ ಕಾಣಿಸ್ತಿಲ್ಲ.

ಈಗ ಮೊದಲು ಕೇಳಿದ ಪ್ರಶ್ನೆ. 2010ರಲ್ಲಿ ಫೆಡರೇಶನ್ ತನ್ನ ವಾಣಿಜ್ಯ ಹಕ್ಕುಗಳನ್ನ 15 ವರ್ಷಕ್ಕೆ 700 ಕೋಟಿ ರೂಪಾಯಿಗೆ ಖಾಸಗಿಯವರಿಗೆ ಕೊಟ್ಟಿತ್ತು. ಐಎಸ್‌ಎಲ್ ನಡೀತಿದ್ದದ್ದು ಆ ಕರಾರಿನ ಮೇಲೆ, ಅದರ ಅವಧಿ 2025ರ ಡಿಸೆಂಬರ್ 8ಕ್ಕೆ ಮುಗೀತಿತ್ತು. ನವೀಕರಣ ಆಗಲಿಲ್ಲ. ಜುಲೈನಲ್ಲಿ ಲೀಗ್ ನಡೆಸೋರು ಮುಂದಿನ ಸೀಸನ್ ತಡೆಹಿಡಿದಿದೀವಿ ಅಂದ್ರು. ಆಗಸ್ಟ್ 4ಕ್ಕೆ ಬೆಂಗಳೂರು ಎಫ್‌ಸಿ ಒಂದು ಪ್ರಕಟಣೆ ಹೊರಡಿಸ್ತು. ಮೊದಲ ತಂಡದ ಆಟಗಾರರು, ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲಕ್ಕೆ ಸ್ಥಗಿತ. ಯುವ ತಂಡಗಳು, ಮಕ್ಕಳ ಸಾಕರ್ ಸ್ಕೂಲ್‌ಗಳು ಮುಂದುವರಿಯುತ್ತವೆ ಅಂತಲೂ ಅದರಲ್ಲಿತ್ತು.

ಸಂಬಳ ಹೊತ್ತಿಗೆ ಸರಿಯಾಗಿ ಕೊಡ್ತಿದ್ದ ಕ್ಲಬ್ಬು ಇದೇನಾ ಅಂತ ನೀವು ಕೇಳಬಹುದು. ಇದೇ. ಅದಕ್ಕೇ ಆ ಸುದ್ದಿ ಬೇರೆ ಕ್ಲಬ್ಬಿನವರನ್ನೂ ಬೆಚ್ಚಿ ಬೀಳಿಸಿದ್ದು. ಕಂಪನಿಯನ್ನ ಬೈದು ಸುಮ್ಮನಾಗೋದು ಸುಲಭ. ಆದ್ರೆ ಪಂದ್ಯವೇ ಇಲ್ಲ ಅಂದ್ರೆ ಆದಾಯದ ಕಾಲಂನಲ್ಲಿ ಸೊನ್ನೆ, ಖರ್ಚಿನ ಕಾಲಂ ತಿಂಗಳು ತಿಂಗಳು ಓಡ್ತಾನೇ ಇರುತ್ತೆ. ಐಟಿಐ ಕಾಲದ ಆಟಗಾರನಿಗೆ ಲೀಗ್ ನಿಂತ್ರೂ ಸೋಮವಾರ ಕಾರ್ಖಾನೆಯಲ್ಲಿ ಹಾಜರಿ ಹಾಕೋಕೆ ಒಂದು ಜಾಗ ಇತ್ತು. ಇವತ್ತಿನ 22 ವರ್ಷದ ಹುಡುಗನಿಗೆ ಇರೋದು ಒಂದು ಕಾಂಟ್ರ್ಯಾಕ್ಟ್, ಅದರ ಅವಧಿ ಮುಗಿಯೋ ತಾರೀಕು.

ಮುಂದೆ ಫೆಡರೇಶನ್ ಟೆಂಡರ್ ಕರೀತು. ನವೆಂಬರ್‌ನಲ್ಲಿ ಪೆಟ್ಟಿಗೆ ತೆಗೆದ್ರೆ ಒಂದೂ ಬಿಡ್ ಬಂದಿರಲಿಲ್ಲ. ಇಡೀ ದೇಶದ ಮೇಲಿನ ಹಂತದ ಫುಟ್‌ಬಾಲ್ ಲೀಗ್, ಕೊಳ್ಳೋರು ಯಾರೂ ಇಲ್ಲ. ಸುಪ್ರೀಂ ಕೋರ್ಟು, ಕ್ರೀಡಾ ಸಚಿವಾಲಯ, ಕ್ಲಬ್ಬುಗಳ ಸಭೆ ಮೇಲೆ ಸಭೆ. ಕೊನೆಗೆ 2026ರ ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ ಲೀಗ್ ಶುರು, 14 ಕ್ಲಬ್ಬುಗಳೂ ಆಡ್ತವೆ ಅಂತ ಘೋಷಿಸಿದ್ರು. ಸೀಸನ್ ಮೊಟಕು. ಒಂದು ತಂಡದ ಜೊತೆ ನಮ್ಮಲ್ಲೊಂದು, ಅವರಲ್ಲೊಂದು ಅಂತ ಎರಡು ಪಂದ್ಯ ಇರಲ್ಲ, ಒಂದೇ. ಅಂದ್ರೆ ಕಂಠೀರವದಲ್ಲಿ ಪಂದ್ಯಗಳು ಸುಮಾರು ಅರ್ಧಕ್ಕೆ ಇಳಿದ್ವು. ನಮ್ಮ ಕಡೆಯಿಂದ ಹೋಗಿ ನೋಡೋರಿಗೆ ಒಂದು ಮಾತು. ಪಂದ್ಯ ರಾತ್ರಿ ಇದ್ರೆ ಮುಗಿಯೋ ಹೊತ್ತಿಗೆ ಒಂಬತ್ತೂವರೆ ಆಗುತ್ತೆ, ಮೆಜೆಸ್ಟಿಕ್‌ನಿಂದ ಶಿವಮೊಗ್ಗ ಕಡೆಯ ರಾತ್ರಿ ಬಸ್ಸಿಗೆ ಮೊದಲೇ ಸೀಟು ಬುಕ್ ಮಾಡಿಟ್ಕೊಳ್ಳಿ. ಪಶ್ಚಿಮದ ಸ್ಟ್ಯಾಂಡ್ ಟಿಕೆಟ್ ತಗೊಂಡ್ರೆ ಕೂರೋ ಆಸೆ ಬಿಡಿ, ಅಲ್ಲಿ ಯಾರೂ ಕೂರಲ್ಲ.